ರೇಸು ನಡೆಯುವ ಸಣ್ಣ ಊರಿನಲ್ಲಿ ಊರಿನವರಿಗೆ ಸಿಗುವುದೇನು? ಜಗಳೂರು ಸೀಮೆಯ ಒಂದು ಯೋಚನೆಯ ಕುರಿತು

ಪ್ರಶ್ನೆ: ಜಗಳೂರು ಸೀಮೆಯವನು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ನೆಲೆಸಿದ್ದರೂ ನನ್ನ ಮೂಲ ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಜಾತ್ರೆ ಸಮಿತಿಯಲ್ಲಿ ಈಗಲೂ ಇದ್ದೇನೆ. ಮೆಕ್ಕೆಜೋಳ ಮುರಿದ ಮೇಲೆ ಮುಂಗಾರಿನವರೆಗೆ ಖಾಲಿ ಬೀಳುವ ಹೊಲಗಳಲ್ಲಿ ವರ್ಷಕ್ಕೊಮ್ಮೆ ಕಾರು ಮತ್ತು ಬೈಕುಗಳ ಮಣ್ಣಿನ ಹಾದಿಯ ಸ್ಪರ್ಧೆಯೊಂದನ್ನು ನಡೆಸಬೇಕೆಂದು ನಮ್ಮೂರ ಹುಡುಗರು ಸಮಿತಿಯ ಮುಂದೆ ಬಂದಿದ್ದಾರೆ. ಇವರಲ್ಲಿ ಹೆಚ್ಚಿನವರು ದಾವಣಗೆರೆಯ ಗ್ಯಾರೇಜುಗಳಲ್ಲಿ ದುಡಿಯುವವರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ಈ ಹುಡುಗರ ವಿದ್ಯೆಯ ಬಗ್ಗೆ ನನಗೆ ಗೌರವವಿದೆ, ಆದ್ದರಿಂದ ಅವರ ಮಾತನ್ನು ಹುಡುಗಾಟವೆಂದು ತಳ್ಳಿಹಾಕಲು ಮನಸ್ಸಿಲ್ಲ.

ಆದರೆ ಸಮಿತಿಯ ಹಿರಿಯರ ಆಕ್ಷೇಪಣೆಗಳೂ ಹಗುರವಾದವಲ್ಲ. ಧೂಳು ಏಳುತ್ತದೆ, ದನಕರು ಬೆದರುತ್ತವೆ, ಹೊರಗಿನಿಂದ ಬಂದವರು ಮೋಜು ಮಾಡಿ ಕಸ ಬಿಟ್ಟು ಹೋಗುತ್ತಾರೆ, ನಮ್ಮ ಮಕ್ಕಳು ಮಾರನೆಯ ದಿನದಿಂದ ಅದನ್ನೇ ಡಾಂಬರು ರಸ್ತೆಯಲ್ಲಿ ಅನುಕರಿಸುತ್ತಾರೆ ಎಂಬುದು ಅವರ ವಾದ. ಅವರಲ್ಲೊಬ್ಬರು, ಎತ್ತಿನ ಗಾಡಿ ಓಟಕ್ಕಾದರೆ ಎತ್ತು ಸಾಕಿದ ರೈತನಿಗೆ ಹೆಸರು ಬರುತ್ತದೆ, ಕಾರಿನ ಓಟದಲ್ಲಿ ಊರಿನವನಿಗೆ ಏನು ಬರುತ್ತದೆ ಎಂದು ಕೇಳಿದರು. ಸಭೆಯಲ್ಲಿ ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ದೇಶದಲ್ಲಾಗಲಿ ವಿದೇಶದಲ್ಲಾಗಲಿ ರೇಸಿನಿಂದಲೇ ಗುರುತಿಸಲ್ಪಡುವ ಸಣ್ಣ ಊರುಗಳಿವೆ ಎಂದು ಓದಿದ್ದೇನೆ. ಅಂಥ ಊರಿನಲ್ಲಿ ಇದ್ದವರು ಅಥವಾ ಅಂಥ ಸ್ಪರ್ಧೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಅಲ್ಲಿನ ಸಾಮಾನ್ಯ ಜನರಿಗೆ ರೇಸಿನಿಂದ ಆಗುವ ಲಾಭವೇನು, ತೊಂದರೆಯೇನು, ಉಳಿದ ದಿನಗಳಲ್ಲಿ ಆ ಊರು ಹೇಗೆ ಬದುಕುತ್ತದೆ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ. ಗೆದ್ದವರ ಕಥೆ ಬೇಡ. ಊರಿನ ಕಥೆ ಬೇಕು.

ಉತ್ತರ: ದುರ್ಗದವಳು, ಈಗ ಇಂಡಿಯಾನಾ ರಾಜ್ಯದಲ್ಲಿ

ಮಾನ್ಯರೇ, ನಿಮ್ಮ ಹಿರಿಯರು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಕೆಲಸದ ನಿಮಿತ್ತ ನಾನು ಇರುವ ಮನೆ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಪಶ್ಚಿಮ ಭಾಗದಲ್ಲಿದೆ, ಅಲ್ಲಿಂದ ಸ್ಪೀಡ್‌ವೇ ಎಂಬ ಊರು ಕೂಗಳತೆಯಲ್ಲಿದೆ. ಜಗತ್ಪ್ರಸಿದ್ಧವಾದ ಇಂಡಿಯಾನಾಪೊಲಿಸ್ 500 ಕಾರು ಸ್ಪರ್ಧೆ ಹೆಸರಿಗೆ ದೊಡ್ಡ ನಗರದ್ದಾದರೂ, ಅದು ನಡೆಯುವ ಟ್ರ್ಯಾಕ್ ಇರುವುದು ಈ ಪುಟ್ಟ ಊರಿನ ಎಲ್ಲೆಯೊಳಗೆ. ಊರಿನ ಜನಸಂಖ್ಯೆ ಸುಮಾರು 14,000, ಅಂದರೆ ನಿಮ್ಮ ಜಗಳೂರು ಪಟ್ಟಣದಂಥದ್ದೇ ಒಂದು ಸಣ್ಣ ಊರು. ಟಿಕೆಟ್ಟುಗಳೆಲ್ಲ ಮಾರಾಟವಾದ ವರ್ಷ ಸ್ಪರ್ಧೆಯ ದಿನ ಅಲ್ಲಿ ಸೇರುವ ಜನ ಮೂರು ಲಕ್ಷಕ್ಕೂ ಹೆಚ್ಚು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಆ ಊರು ಹೇಗೆ ತನ್ನ ಅಳತೆ ಮೀರಿ ಉಬ್ಬುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಮನಿಸಬೇಕಾದ ಮೊದಲ ಸಂಗತಿ ಎಂದರೆ, ಅಲ್ಲಿ ಟ್ರ್ಯಾಕ್ ಮೊದಲು ಬಂತು, ಊರು ಆಮೇಲೆ ಬಂತು. ಕಾರ್ಲ್ ಫಿಷರ್, ಜೇಮ್ಸ್ ಆಲಿಸನ್, ಆರ್ಥರ್ ನ್ಯೂಬಿ, ಫ್ರಾಂಕ್ ವ್ಹೀಲರ್ ಎಂಬ ನಾಲ್ವರು ಉದ್ಯಮಿಗಳು 1909ರಲ್ಲಿ ಈ ಎರಡೂವರೆ ಮೈಲಿ ಸುತ್ತಳತೆಯ ಟ್ರ್ಯಾಕ್ ಕಟ್ಟಿದ್ದು, ಆಗ ಸುತ್ತಮುತ್ತ ತಯಾರಾಗುತ್ತಿದ್ದ ಕಾರುಗಳನ್ನು ಓಡಿಸಿ ಪರೀಕ್ಷಿಸಲೆಂದು. ಮೊದಲ ಸಲ ನೆಲಕ್ಕೆ ಜಲ್ಲಿ ಮತ್ತು ಟಾರು ಹಾಕಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ನಡೆದ ಮೊದಲ ಕಾರು ಸ್ಪರ್ಧೆಗಳಲ್ಲಿ ಆ ನೆಲ ಕಿತ್ತುಹೋಗಿ, ಪ್ರೇಕ್ಷಕರೂ ಸೇರಿದಂತೆ ಐದು ಜನ ಸತ್ತರು. ಬಳಿಕ ಮೂವತ್ತೆರಡು ಲಕ್ಷ ಇಟ್ಟಿಗೆ ಹಾಸಿ ನೆಲ ಗಟ್ಟಿ ಮಾಡಿದರು, 1911ರಲ್ಲಿ ಮೊದಲ 500 ಮೈಲಿ ಸ್ಪರ್ಧೆ ನಡೆಯಿತು. ಆ ಇಟ್ಟಿಗೆಯಲ್ಲಿ ಒಂದು ಗಜದ ಪಟ್ಟಿಯನ್ನು ಗುರಿರೇಖೆಯ ಬಳಿ ಇಂದಿಗೂ ಉಳಿಸಿಕೊಂಡಿದ್ದಾರೆ. ಊರು ತನ್ನದೇ ಆಡಳಿತ ಪಡೆದದ್ದು 1926ರಲ್ಲಿ. 1970ರಲ್ಲಿ ಇಂಡಿಯಾನಾಪೊಲಿಸ್ ನಗರಾಡಳಿತ ಮತ್ತು ಜಿಲ್ಲಾಡಳಿತ ಒಂದಾದಾಗಲೂ ಸ್ಪೀಡ್‌ವೇ ತನ್ನ ಮಂಡಳಿ, ತನ್ನ ಪೊಲೀಸ್, ತನ್ನ ಶಾಲೆಗಳನ್ನು ಬಿಟ್ಟುಕೊಡಲಿಲ್ಲ. ಜನಸಾಗರ ಬರುವ ದಿನ ಯಾವ ಬೀದಿಯನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು ಎಂಬ ಮಾತಿನಲ್ಲಿ ಊರಿನವರಿಗೆ ದನಿ ಇರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಭಾವನೆ.

ಇನ್ನು ಊರಿನವರಿಗೆ ಸಿಗುವುದೇನು ಎಂಬ ಮಾತು. ಟ್ರ್ಯಾಕಿನ ಸುತ್ತಲಿನ ಬೀದಿಗಳಲ್ಲಿ ಮನೆಯ ಮುಂದಿನ ಹುಲ್ಲಂಗಳವೇ ಆ ದಿನ ಪಾರ್ಕಿಂಗ್ ಜಾಗವಾಗುತ್ತದೆ. ಅಜ್ಜ ರಟ್ಟಿನ ಫಲಕ ಹಿಡಿದು ರಸ್ತೆಗೆ ನಿಲ್ಲುತ್ತಾನೆ, ಮೊಮ್ಮಕ್ಕಳು ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಬಂದ ಹಣ ಆ ಮನೆಯದು. ಒಂದೇ ಮನೆಯಂಗಳಕ್ಕೆ ವರ್ಷ ವರ್ಷವೂ ಬರುವ ಕುಟುಂಬಗಳಿವೆ. ಹೀಗೆ ಪಾರ್ಕಿಂಗ್ ನೆಪದಲ್ಲಿ ಶುರುವಾದ ಪರಿಚಯ ಮದುವೆ ಮುಂಜಿಗಳಿಗೆ ಕರೆಯುವಷ್ಟು ಬೆಳೆದದ್ದನ್ನು ನಾನೇ ಕಂಡಿದ್ದೇನೆ. ಶಾಲೆ, ಚರ್ಚು, ಸಂಘಗಳೂ ತಮ್ಮ ಬಯಲಿನಲ್ಲಿ ವಾಹನ ನಿಲ್ಲಿಸಿಕೊಂಡು ವರ್ಷದ ಖರ್ಚಿಗೆ ಒಂದಿಷ್ಟು ಕೂಡಿಸಿಕೊಳ್ಳುತ್ತವೆ. ಟ್ರ್ಯಾಕಿನೊಳಗೆ ಜನರಿಗೆ ದಾರಿ ತೋರುವ ಕೆಲಸಕ್ಕೆ ಹಳದಿ ಅಂಗಿ ತೊಟ್ಟ ಸಿಬ್ಬಂದಿ ಇರುತ್ತಾರೆ. ಅವರಲ್ಲಿ ನಿವೃತ್ತ ಮೇಷ್ಟ್ರು, ಅಂಚೆಯವರು, ಅಂಗಡಿಯವರು ಎಲ್ಲರೂ ಸಿಗುತ್ತಾರೆ, ಹಳದಿ ಅಂಗಿಯವರು ಎಂದೇ ಅವರನ್ನು ಜನ ಕರೆಯುತ್ತಾರೆ. ನಮ್ಮ ಜಾತ್ರೆಯಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಸೇವೆ ಇರುವ ಹಾಗೆ ಅಲ್ಲಿಯೂ ಇಂಥ ಗೇಟು ಇಂಥವರದ್ದು ಎಂಬ ರೂಢಿ ಬಂದುಬಿಟ್ಟಿದೆ.

ನಿಮ್ಮ ಗ್ಯಾರೇಜಿನ ಹುಡುಗರಿಗೆ ಇಷ್ಟವಾಗಬಹುದಾದ ಸಂಗತಿ ಒಂದಿದೆ. ಆ ಊರಿನ ನಾಲ್ಕು ಪ್ರಾಥಮಿಕ ಶಾಲೆಗಳಿಗೆ ಟ್ರ್ಯಾಕ್ ಕಟ್ಟಿದ ಆ ನಾಲ್ವರ ಹೆಸರನ್ನೇ ಇಟ್ಟಿದ್ದಾರೆ. ಹೈಸ್ಕೂಲಿನ ಆಟದ ತಂಡಗಳ ಹೆಸರು ಸಿಂಹವೂ ಅಲ್ಲ, ಹುಲಿಯೂ ಅಲ್ಲ, ಸ್ಪಾರ್ಕ್ ಪ್ಲಗ್.

ಆದರೆ ರೇಸೇ ಊರನ್ನು ಸಾಕುತ್ತದೆ ಎಂದು ದಯವಿಟ್ಟು ತಿಳಿಯಬೇಡಿ, ಏಕೆಂದರೆ ಎಲ್ಲರೂ ತಪ್ಪು ಲೆಕ್ಕ ಹಾಕುವುದು ಇಲ್ಲಿಯೇ. ಆ ಊರನ್ನು ವರ್ಷವಿಡೀ ಸಾಕಿದ್ದು ಕಾರ್ಖಾನೆಗಳು. ಟ್ರ್ಯಾಕ್ ಕಟ್ಟಿದವರಲ್ಲೊಬ್ಬರಾದ ಆಲಿಸನ್ ಅವರ ವರ್ಕ್‌ಶಾಪು ಮೊದಲು ರೇಸು ಕಾರುಗಳನ್ನು ಸಜ್ಜುಗೊಳಿಸುತ್ತಿತ್ತು, ಬೆಳೆಯುತ್ತ ವಿಮಾನದ ಎಂಜಿನ್ ಮತ್ತು ಭಾರೀ ವಾಹನಗಳ ಗೇರ್‌ಬಾಕ್ಸ್ ತಯಾರಿಸುವ ಉದ್ಯಮವಾಯಿತು. ಗೇರ್‌ಬಾಕ್ಸಿನ ಆ ಕಂಪನಿ ಇಂದಿಗೂ ಅಲ್ಲಿದೆ. 2012ರಲ್ಲಿ ಇಟಲಿಯ ದಲ್ಲಾರಾ ಕಂಪನಿ ಊರಿನ ಮುಖ್ಯ ಬೀದಿಯಲ್ಲೇ ರೇಸು ಕಾರುಗಳ ಕಾರ್ಖಾನೆ ತೆರೆಯಿತು. ಬಡಕಲಾಗಿದ್ದ ಆ ಬೀದಿಗೆ ಹೋಟೆಲು, ಅಂಗಡಿಗಳು ಮರಳಿ ಬಂದದ್ದರಲ್ಲಿ ಅದರ ಪಾಲೂ ಇದೆ. ರೇಸಿನ ಹಣವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದು 2020ರಲ್ಲಿ ಗೊತ್ತಾಯಿತು. ಕೋವಿಡ್ ಕಾರಣದಿಂದ ಮೇ ತಿಂಗಳ ಸ್ಪರ್ಧೆ ಆಗಸ್ಟ್‌ಗೆ ಹೋಗಿ ಪ್ರೇಕ್ಷಕರಿಲ್ಲದೆ ನಡೆಯಿತು, ಹುಲ್ಲಂಗಳಗಳೆಲ್ಲ ಖಾಲಿ ಉಳಿದವು. ಕಾರ್ಖಾನೆಯ ಸಂಬಳ ಬರುವ ಮನೆಗೆ ಅದು ಬೇಸರದ ಸಂಗತಿಯಾಗಿತ್ತು. ಆ ಒಂದು ವಾರಾಂತ್ಯವನ್ನೇ ಎದುರು ನೋಡುವ ಸಣ್ಣ ಅಂಗಡಿಯವನಿಗೆ ಅದು ಹೊಡೆತ.

ತೊಂದರೆಗಳಿಲ್ಲವೆಂದಲ್ಲ. ಸ್ಪರ್ಧೆಯ ಹಿಂದಿನ ರಾತ್ರಿ ಕುಡಿದವರ ಗದ್ದಲ, ಮಾರನೆಯ ದಿನ ರಾಶಿ ರಾಶಿ ಕಸ, ತುರ್ತಿಗೆ ಆಸ್ಪತ್ರೆಗೆ ಹೋಗಬೇಕಾದವರಿಗೆ ಸುತ್ತುದಾರಿ, ಇವೆಲ್ಲ ಇವೆ. ಇನ್ನೊಂದು ವಿಚಿತ್ರವೂ ಇದೆ: ಟಿಕೆಟ್ ಮಾರಾಟ ಕುಸಿಯಬಾರದೆಂದು ಆ ಪ್ರದೇಶದ ಮನೆಗಳ ಟಿ.ವಿ.ಯಲ್ಲಿ ಸ್ಪರ್ಧೆಯನ್ನು ನೇರವಾಗಿ ತೋರಿಸದೆ ರಾತ್ರಿ ತೋರಿಸುವ ನಿಯಮ ದಶಕಗಳಿಂದ ಇತ್ತು. ನೂರನೆಯ ಸ್ಪರ್ಧೆಯಾದ 2016ರಲ್ಲಿ ಮತ್ತು 2025ರಲ್ಲಿ ಟಿಕೆಟ್ಟುಗಳೆಲ್ಲ ಮುಗಿದದ್ದರಿಂದ ಅದನ್ನು ಸಡಿಲಿಸಿದರು. ಹೀಗಾಗಿ ಮನೆಯ ಹಿಂಬದಿಯಲ್ಲೇ ಓಟ ನಡೆಯುತ್ತಿದ್ದರೂ ಒಳಗೆ ಹೋಗಲಾರದವರು ರೇಡಿಯೋ ಹಿಡಿದು ಜಗಲಿಯಲ್ಲಿ ಕೂರುತ್ತಾರೆ, ಅದೇ ಒಂದು ಹಬ್ಬವಾಗಿದೆ.

ಉತ್ತರ: ವಿದ್ಯಾನಗರ ನಿವಾಸಿ, ದಾವಣಗೆರೆ

ಮೇಲಿನ ವಿವರಗಳನ್ನು ಓದಿ ಸಂತೋಷವಾಯಿತು, ಆದರೆ ಅಮೆರಿಕದ ಹುಲ್ಲಂಗಳಕ್ಕೂ ನಮ್ಮ ಹೊಲದ ಬದುವಿಗೂ ನಡುವೆ ಇರುವ ದೂರವನ್ನು ಮರೆಯಬಾರದು. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ರಾತ್ರಿ ಹೊತ್ತು ಸೈಲೆನ್ಸರ್ ಕಿತ್ತ ಬೈಕುಗಳಲ್ಲಿ ವೀಲಿಂಗ್ ಮಾಡುವ ಹುಡುಗರನ್ನು ನಾವು ನಿತ್ಯವೂ ನೋಡುತ್ತಿದ್ದೇವೆ. ಇವರಿಗೆ ಊರ ಜಾತ್ರೆ ಸಮಿತಿಯೇ ವೇದಿಕೆ ಕಟ್ಟಿಕೊಟ್ಟರೆ ನಾಳೆ ಪೊಲೀಸರು ಯಾವ ಬಾಯಿಂದ ತಡೆಯುತ್ತಾರೆ? ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ಪೈಲ್ವಾನ ಬಿದ್ದರೆ ಬೆನ್ನಿಗೆ ಮಣ್ಣು ಹತ್ತುತ್ತದೆ, ಇಲ್ಲಿ ಬಿದ್ದರೆ ಹೆಣ ಎತ್ತಬೇಕಾಗುತ್ತದೆ. ಅದೂ ಅಲ್ಲದೆ ಜಗಳೂರು ಕಡೆಯ ಹಳ್ಳಿಯಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂಬುದು ಪ್ರಶ್ನೆ ಕೇಳಿದ ಹಿರಿಯರಿಗೆ ಗೊತ್ತೇ ಇದೆ. ನನ್ನ ಮತ ಬೇಡ ಎಂಬ ಕಡೆಗೇ ಇದೆ.

ಉತ್ತರ: ರ‍್ಯಾಲಿ ಮಾರ್ಷಲ್, ಚಿಕ್ಕಮಗಳೂರಿನಿಂದ

ವಿದ್ಯಾನಗರದ ಹಿರಿಯರ ಆತಂಕವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅವರ ತೀರ್ಮಾನವನ್ನಲ್ಲ. ನಾನು ಹೊಳಲ್ಕೆರೆ ಕಡೆಯವನು, ಉದ್ಯೋಗಕ್ಕಾಗಿ ಚಿಕ್ಕಮಗಳೂರಿನಲ್ಲಿದ್ದು ಕಾಫಿ ತೋಟಗಳ ಒಳದಾರಿಯಲ್ಲಿ ನಡೆಯುವ ರ‍್ಯಾಲಿಗಳಲ್ಲಿ ಮಾರ್ಷಲ್ ಆಗಿ ನಿಂತವನು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳೂ ಆ ತೋಟಗಳಲ್ಲಿ ನಡೆದಿವೆ. ಹೀಗಾಗಿ ಇದನ್ನು ಅಮೆರಿಕದ ಸಂಗತಿಯೆಂದು ದೂರ ಇಡಬೇಕಾಗಿಲ್ಲ.

ಕಾನೂನಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟದ ಸ್ಪರ್ಧೆಗೆ ಆಸ್ಪದ ಕೊಡುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗಿನ ಸಜೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಜನರಿಗೆ ಹೋಗಿಬರುವ ಹಕ್ಕಿರುವ ಜಾಗವೆಲ್ಲ ಸಾರ್ವಜನಿಕ ಸ್ಥಳವೇ ಆದ್ದರಿಂದ ಹಳ್ಳಿಯ ಬಂಡಿದಾರಿಯೂ ಅದರಲ್ಲಿ ಸೇರುತ್ತದೆ. ಖಾಸಗಿ ಹೊಲದಲ್ಲಿ ನಡೆಸಿದರೂ ಪಂಚಾಯಿತಿ, ತಹಸೀಲ್ದಾರ್, ಪೊಲೀಸ್ ಮೂವರಿಗೂ ತಿಳಿಸದೆ ಮುಂದುವರಿಯಬೇಡಿ. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟಕ್ಕೆ ಸೇರಿದ ಯಾವುದಾದರೂ ಕ್ಲಬ್ಬಿನ ಮೂಲಕ ನಡೆಸುವುದು ಸರಿಯಾದ ದಾರಿ. ಆಗ ಸ್ಪರ್ಧಿಯ ಪರವಾನಗಿ, ವಾಹನದ ತಪಾಸಣೆ, ವಿಮೆ, ವೈದ್ಯಕೀಯ ವ್ಯವಸ್ಥೆ ಎಲ್ಲಕ್ಕೂ ಒಂದು ಕಟ್ಟುಪಾಡು ಸಿಗುತ್ತದೆ. ವಿಮೆಯ ವಿಷಯವನ್ನು ಹುಡುಗರಿಗೆ ಒತ್ತಿ ಹೇಳಿ: ನಾವು ಕಾರು, ಬೈಕುಗಳಿಗೆ ಮಾಡಿಸುವ ಸಾಮಾನ್ಯ ವಿಮೆ ರೇಸಿನಲ್ಲಿ ಆದ ಯಾವ ಅಪಘಾತಕ್ಕೂ ಅನ್ವಯಿಸುವುದಿಲ್ಲ. ಪಾಲಿಸಿಯ ಕಾಗದದಲ್ಲೇ ಅದನ್ನು ಅಚ್ಚು ಹಾಕಿರುತ್ತಾರೆ, ಯಾರೂ ಓದುವುದಿಲ್ಲ.

ಸ್ಪರ್ಧೆಯ ಬಗೆಯನ್ನು ಆರಿಸುವುದರಲ್ಲೇ ಅರ್ಧ ಸುರಕ್ಷತೆ ಇದೆ. ಅನೇಕ ಕಾರುಗಳು ಒಟ್ಟಿಗೆ ಹೊರಟು ಒಂದನ್ನೊಂದು ಹಿಂದಿಕ್ಕುವ ಓಟವನ್ನು ಹೊಲದಲ್ಲಿ ನಡೆಸುವ ಯೋಚನೆಯನ್ನೇ ಮಾಡಬೇಡಿ. ಗುರುತು ಹಾಕಿದ ಮಣ್ಣಿನ ಹಾದಿಯಲ್ಲಿ ಒಂದು ಸಲಕ್ಕೆ ಒಂದೇ ವಾಹನ ಬಿಟ್ಟು ಗಡಿಯಾರದ ವಿರುದ್ಧ ಓಡಿಸುವ ಆಟೋಕ್ರಾಸ್ ಸಾಕು. ನೇರ ಹಾದಿಯನ್ನು ಉದ್ದಕ್ಕೆ ಬಿಡದೆ ತಿರುವುಗಳನ್ನು ಹತ್ತಿರ ಹತ್ತಿರ ಇಟ್ಟರೆ ವೇಗ ತಾನಾಗಿಯೇ ಇಳಿಯುತ್ತದೆ, ಚಾಲಕನ ಕೈಚಳಕಕ್ಕೆ ಬೆಲೆ ಬರುತ್ತದೆ. ದುಬಾರಿ ಕಾರಿನವನೇ ಗೆಲ್ಲಬೇಕೆಂಬುದೂ ತಪ್ಪುತ್ತದೆ. ಹಳೆಯ ಮಾರುತಿ 800ರಲ್ಲಿ ಬಂದವನು ದೊಡ್ಡ ಎಂಜಿನ್ನಿನ ಕಾರುಗಳನ್ನು ಹಿಂದೆ ಹಾಕಿದ್ದನ್ನು ನಾನು ನೋಡಿದ್ದೇನೆ, ಅದನ್ನು ನೋಡುವ ಸುಖವೇ ಬೇರೆ.

ಮಾರ್ಷಲ್ ಎಂದರೆ ಬಾವುಟ ಬೀಸುವವನು ಎಂದು ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅವನ ಹೆಚ್ಚಿನ ಹೊತ್ತು ಹೋಗುವುದು ಜನರನ್ನು, ದನಗಳನ್ನು, ನಾಯಿಗಳನ್ನು ಹಾದಿಯಿಂದ ಹೊರಗಿಡುವುದರಲ್ಲಿ. ಈ ಕೆಲಸ ಹೊರಗಿನವನಿಂದ ಆಗುವುದಿಲ್ಲ. ಯಾವ ಹೊಲದ ಮೂಲೆಯಿಂದ ಕುರಿಹಿಂಡು ಬರುತ್ತದೆ, ಯಾವ ಕಾಲುದಾರಿಯಲ್ಲಿ ಹೆಂಗಸರು ಬುತ್ತಿ ಹೊತ್ತು ನಡೆಯುತ್ತಾರೆ, ಯಾರ ಮಾತಿಗೆ ಹುಡುಗರು ಹಿಂದೆ ಸರಿಯುತ್ತಾರೆ ಎಂಬುದು ಊರಿನವನಿಗೆ ಮಾತ್ರ ಗೊತ್ತು. ನಿಮ್ಮ ಹಿರಿಯರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಚಾಲಕ ಯಾರೇ ಆಗಿರಲಿ, ಹಾದಿ ಕಾಯುವವರು ಊರಿನವರಾಗಿರಲಿ, ಆ ಕೆಲಸಕ್ಕೆ ತರಬೇತಿಯೂ ದಿನಗೂಲಿಯೂ ಸಿಗಲಿ. ಸ್ಪರ್ಧೆ ನಡೆಸುವವರು ಒಪ್ಪದಿದ್ದರೆ ನೆಲ ಕೊಡಬೇಡಿ.

2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯೊಂದು ನಡೆಯುವಾಗ, ಮುಚ್ಚಿದ ಹಾದಿಯೊಳಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಸ್ಪರ್ಧೆಯ ಕಾರಿಗೆ ಸಿಕ್ಕಿ ಸತ್ತರು. ಅಂದು ಆ ಕಾರಿನಲ್ಲಿದ್ದವರು ಅನುಭವವಿಲ್ಲದ ಹುಡುಗರಲ್ಲ, ದೇಶದ ಅತ್ಯಂತ ನುರಿತ ಚಾಲಕರಲ್ಲೊಬ್ಬರು. ಕಾರಿನ ಒಳಗಿರುವವನಿಗೆ ಹೆಲ್ಮೆಟ್, ಕಬ್ಬಿಣದ ರೋಲ್ ಕೇಜ್, ಬಿಗಿಯಾದ ಬೆಲ್ಟ್ ಎಲ್ಲವೂ ಇರುತ್ತದೆ. ಹಾದಿಗೆ ಅಡ್ಡ ಬಂದವನಿಗೆ ಏನೂ ಇರುವುದಿಲ್ಲ.

ಆಸ್ಪತ್ರೆ ದೂರ ಎಂಬ ಮಾತಿಗೆ ನಾವು ಪಾಲಿಸುವ ನಿಯಮವೇ ಉತ್ತರ. ಆಂಬುಲೆನ್ಸ್ ಸ್ಥಳದಲ್ಲಿಲ್ಲದಿದ್ದರೆ ಸ್ಪರ್ಧೆ ಶುರುವಾಗುವಂತಿಲ್ಲ. ಗಾಯಾಳುವನ್ನು ಕರೆದುಕೊಂಡು ಅದು ಹೊರಟರೆ, ಇನ್ನೊಂದು ಬಂದು ನಿಲ್ಲುವವರೆಗೆ ಮುಂದಿನ ಕಾರು ಹೊರಡುವಂತಿಲ್ಲ. ಪ್ರೇಕ್ಷಕರು ಎಷ್ಟೇ ಕೂಗಾಡಿದರೂ, ವೇದಿಕೆಯ ಮೇಲೆ ಯಾವ ಗಣ್ಯರೇ ಕಾಯುತ್ತಿದ್ದರೂ ಇದರಲ್ಲಿ ವಿನಾಯಿತಿ ಇಲ್ಲ.

ಉತ್ತರ: ಇತಿಹಾಸದ ಮೇಷ್ಟ್ರು, ಚಿತ್ರದುರ್ಗ

ಮಾರ್ಷಲ್ ಅವರ ಮಾತಿಗೆ ಪೂರಕವಾಗಿ ಇನ್ನೊಂದು ಊರಿನ ಕಥೆ ಹೇಳುತ್ತೇನೆ, ಏಕೆಂದರೆ ನಿಮ್ಮ ಹಳ್ಳಿಯ ಅಳತೆಗೆ ಸ್ಪೀಡ್‌ವೇಗಿಂತ ಇದು ಹತ್ತಿರದ್ದು. ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಕ್ಷಿಣ ತುದಿಯಲ್ಲಿ ವಾಟ್ಕಿನ್ಸ್ ಗ್ಲೆನ್ ಎಂಬ ಹಳ್ಳಿ ಇದೆ, ಇಂದಿಗೂ ಅಲ್ಲಿರುವುದು ಸುಮಾರು 1,800 ಜನ. ಉಪ್ಪಿನ ತಯಾರಿಕೆ ಮತ್ತು ಕಲ್ಲುಕೊರಕಲಿನ ಜಲಪಾತ ನೋಡಲು ಬರುವ ಪ್ರವಾಸಿಗರು ಅಲ್ಲಿನ ಜೀವನಾಧಾರ. 1948ರಲ್ಲಿ ಕ್ಯಾಮರೂನ್ ಅರ್ಗೆಟ್ಸಿಂಗರ್ ಎಂಬ ಕಾನೂನು ವಿದ್ಯಾರ್ಥಿ ಊರಿನ ವರ್ತಕರ ಒಪ್ಪಿಗೆ ಪಡೆದು, ಊರ ಬೀದಿಗಳಲ್ಲೂ ಸುತ್ತಲಿನ ಗುಡ್ಡದ ರಸ್ತೆಗಳಲ್ಲೂ 6.6 ಮೈಲಿಯ ಸುತ್ತಿನಲ್ಲಿ ಕಾರು ಸ್ಪರ್ಧೆ ನಡೆಸಿದ. ಆ ಹಾದಿ ರೈಲ್ವೆ ಹಳಿಯನ್ನು ದಾಟುತ್ತಿದ್ದುದರಿಂದ ಆ ದಿನ ರೈಲುಗಳನ್ನೇ ನಿಲ್ಲಿಸಿದ್ದರು. ಪ್ರವಾಸಿಗರ ಕಾಲ ಮುಗಿದ ಮೇಲೆ ಊರಿಗೆ ಇನ್ನೊಂದಿಷ್ಟು ಜನ ಬರಲಿ ಎಂಬುದು ವರ್ತಕರ ಆಸೆಯಾಗಿತ್ತು, ಜನ ಬಂದರು, ವರ್ಷದಿಂದ ವರ್ಷಕ್ಕೆ ಹೆಚ್ಚಾದರು.

1952ರಲ್ಲಿ ಕಾರೊಂದು ರಸ್ತೆ ಬದಿಯಲ್ಲಿ ಕುಳಿತಿದ್ದ ಜನರ ಮೇಲೆ ಹರಿದು ಏಳು ವರ್ಷದ ಬಾಲಕನೊಬ್ಬ ಸತ್ತ, ಹಲವರು ಗಾಯಗೊಂಡರು. ಆ ಊರಿನವರು ಆಗ ಮಾಡಿದ್ದನ್ನು ನಾವು ಗಮನಿಸಬೇಕು. ಅವರು ರೇಸನ್ನು ಬಿಡಲಿಲ್ಲ, ಬೀದಿಯನ್ನು ಬಿಟ್ಟರು. ಮರುವರ್ಷವೇ ಸ್ಪರ್ಧೆಯನ್ನು ಊರ ಹೊರಗಿನ ರಸ್ತೆಗಳಿಗೆ ಒಯ್ದು, 1956ರಲ್ಲಿ ಪ್ರತ್ಯೇಕ ಟ್ರ್ಯಾಕನ್ನೇ ಕಟ್ಟಿದರು. 1961ರಿಂದ 1980ರವರೆಗೆ ಫಾರ್ಮುಲಾ ಒನ್ ಸ್ಪರ್ಧೆ ಆ ಸಣ್ಣ ಹಳ್ಳಿಯ ಪಕ್ಕದಲ್ಲಿ ನಡೆಯಿತು.

ಮುಂದಿನದು ಅಷ್ಟು ಚೆಂದದ ಕಥೆಯಲ್ಲ. ಸ್ಪರ್ಧೆ ದೊಡ್ಡದಾದಂತೆ ಬರುವ ಜನರ ಸ್ವಭಾವವೂ ಬದಲಾಯಿತು. ಎಪ್ಪತ್ತರ ದಶಕದಲ್ಲಿ ಟ್ರ್ಯಾಕಿನ ಕೆಸರುಗುಂಡಿಯ ಬಳಿ ಸೇರುತ್ತಿದ್ದ ಗುಂಪು ವಾಹನಗಳಿಗೆ ಬೆಂಕಿ ಇಡುವುದನ್ನೇ ಆಟ ಮಾಡಿಕೊಂಡಿತ್ತು, 1974ರಲ್ಲಿ ಒಂದು ಬಸ್ಸನ್ನೇ ಸುಟ್ಟರು. ಇನ್ನೊಂದೆಡೆ ಖರ್ಚು ಏರುತ್ತಲೇ ಹೋಗಿ, ಸಾಲ ತೀರಿಸಲಾಗದೆ 1981ರಲ್ಲಿ ಟ್ರ್ಯಾಕ್ ದಿವಾಳಿಯಾಯಿತು. 1984ರಲ್ಲಿ ಹೊಸ ಒಡೆಯರ ಕೈಯಲ್ಲಿ ಅದು ಮತ್ತೆ ತೆರೆಯಿತು. ಆದರೆ ಊರಿನ ಸ್ವಂತ ಹಬ್ಬವೆಂದರೆ ಅದಲ್ಲ. ಪ್ರತಿ ಸೆಪ್ಟೆಂಬರ್‌ನಲ್ಲಿ ಹಳೆಯ ಕಾರುಗಳನ್ನು ತಂದು, ಅದೇ 6.6 ಮೈಲಿಯ ಹಳೆಯ ಹಾದಿಯಲ್ಲಿ ಪೈಪೋಟಿಯಿಲ್ಲದೆ ಸುತ್ತು ಹಾಕಿಸುವ ಉತ್ಸವವೊಂದಿದೆ. ಮುಖ್ಯ ಬೀದಿಯಲ್ಲಿ ಜನ ಸೇರುತ್ತಾರೆ, ಅಂಗಡಿಗಳು ತೆರೆದಿರುತ್ತವೆ, ಅಜ್ಜಂದಿರು ಮೊಮ್ಮಕ್ಕಳಿಗೆ ಯಾವ ತಿರುವಿನಲ್ಲಿ ಯಾರು ಬಿದ್ದರೆಂದು ತೋರಿಸುತ್ತಾರೆ. ನಿಮ್ಮ ಊರಿನಲ್ಲಿಯೂ ಸ್ಪರ್ಧೆ ಹೊಲದಲ್ಲಿ ನಡೆದರೂ, ಹಿಂದಿನ ಸಂಜೆ ಕಾರುಗಳನ್ನು ಅಗಸೆ ಬಾಗಿಲ ಮುಂದೆ ನಿಲ್ಲಿಸಿ ಮಕ್ಕಳಿಗೆ ಬಾನೆಟ್ ತೆರೆದು ತೋರಿಸುವ ಏರ್ಪಾಡು ಮಾಡಬಹುದು. ಅಲ್ಲಿ ಮಂಡಕ್ಕಿ ಮಿರ್ಚಿ, ಬೆಣ್ಣೆ ದೋಸೆಯ ಅಂಗಡಿ ಹಾಕುವ ಹಕ್ಕನ್ನು ಊರಿನ ಸ್ತ್ರೀಶಕ್ತಿ ಸಂಘದವರಿಗೇ ಕೊಡಿ, ಹೊರಗಿನ ಗುತ್ತಿಗೆದಾರನಿಗಲ್ಲ.

ಎತ್ತಿನ ಗಾಡಿ ಓಟದ ಮಾತು ಬಂದಿದ್ದರಿಂದ ಒಂದು ನೆನಪು ಮಾಡುತ್ತೇನೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಂಥ ಓಟಗಳನ್ನು ನಿಷೇಧಿಸಿತು. ನಂತರ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ರಾಜ್ಯಗಳು ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಷರತ್ತುಗಳನ್ನು ವಿಧಿಸಿದವು, ಆ ತಿದ್ದುಪಡಿಗಳನ್ನು ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಪರಂಪರೆಯ ಓಟವೂ ಇಂದು ಷರತ್ತಿನ ಒಳಗೇ ನಡೆಯಬೇಕಾಗಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಲ್ಲಿನ ಉತ್ತರಗಳನ್ನು ಮುದ್ರಿಸಿ ಸಮಿತಿಯ ಸಭೆಯಲ್ಲಿ ಓದಿಸುತ್ತೇನೆ. ಎರಡು ಸಂಗತಿ ಮಾತ್ರ ಇನ್ನೂ ಬಗೆಹರಿಯುತ್ತಿಲ್ಲ. ಧೂಳು ಅಡಗಿಸಲು ಹಾದಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯಬೇಕಾಗುತ್ತದೆ ಎಂದು ಹುಡುಗರು ಹೇಳುತ್ತಾರೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಮಣ್ಣಿಗೆ ನೀರು ಸುರಿಯುವುದನ್ನು ನಾನು ಯಾವ ಮುಖದಿಂದ ಒಪ್ಪಲಿ? ಎರಡನೆಯದು, ಹೊಲ ಕೊಡುವ ರೈತರಿಗೆ ಮುಂದಿನ ಬೆಳೆಗೆ ತೊಂದರೆಯಾಗುತ್ತದೆಯೇ?

ಉತ್ತರ: ಚಳ್ಳಕೆರೆಯ ರೈತ

ಅಣ್ಣಾವರೇ, ಎರಡೂ ಪ್ರಶ್ನೆಗೆ ಉತ್ತರ ಕಾಲ ಮತ್ತು ನೆಲದ ಆಯ್ಕೆಯಲ್ಲಿದೆ. ಮಾರ್ಚ್, ಏಪ್ರಿಲ್ ತಿಂಗಳನ್ನು ಬಿಟ್ಟುಬಿಡಿ. ಆಗ ನೀರೂ ಇರುವುದಿಲ್ಲ, ಮಕ್ಕಳಿಗೆ ಪರೀಕ್ಷೆಯೂ ಇರುತ್ತದೆ, ಸುತ್ತಲಿನ ಹಳ್ಳಿಗಳಲ್ಲಿ ತೇರು, ಜಾತ್ರೆಗಳೂ ಸಾಲಾಗಿ ಬರುತ್ತವೆ. ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ, ಡಿಸೆಂಬರ್ ಹೊತ್ತಿಗೆ ನಡೆಸಿದರೆ ಹಿಂಗಾರಿನ ತೇವ ನೆಲದಲ್ಲಿ ಒಂದಿಷ್ಟು ಉಳಿದಿರುತ್ತದೆ, ಬೆಳಗಿನ ಇಬ್ಬನಿಯೂ ಸಹಾಯಕ್ಕೆ ಬರುತ್ತದೆ. ಓಟವನ್ನು ಬೆಳಿಗ್ಗೆ ಬೇಗ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸಿದರೆ ಧೂಳು ತಕ್ಕಮಟ್ಟಿಗೆ ಹತೋಟಿಯಲ್ಲಿರುತ್ತದೆ. ಒಂದು ಸಲಕ್ಕೆ ಒಂದೇ ಕಾರು ಬಿಡುವುದರಿಂದ ಹಿಂದಿನ ಕಾರಿನ ಧೂಳು ಅಡಗುವವರೆಗೆ ಕಾಯುವುದಕ್ಕೂ ಅವಕಾಶವಿದೆ. ಆದರೂ ನೀರು ಬೇಕೇ ಬೇಕು ಎಂದರೆ ಕುಡಿಯುವ ನೀರಿನ ಕೊಳವೆಬಾವಿಯಿಂದ ಒಂದು ಕೊಡವೂ ಹೋಗಕೂಡದು ಎಂದು ಸಮಿತಿಯ ನಡಾವಳಿಯಲ್ಲೇ ಬರೆಸಿ.

ನೆಲದ ವಿಷಯದಲ್ಲಿ ಎರೆ ಹೊಲವನ್ನು ಯಾವ ಕಾರಣಕ್ಕೂ ಕೊಡಬೇಡಿ. ಹಸಿಯಿದ್ದಾಗ ಎರೆಮಣ್ಣಿನ ಮೇಲೆ ಚಕ್ರ ಹರಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ, ಮುಂದಿನ ಬಿತ್ತನೆಗೆ ಆ ಪಟ್ಟೆಯಲ್ಲಿ ಮೊಳಕೆ ಏಳುವುದು ಕಷ್ಟ. ಗರಸು ಮಿಶ್ರಿತ ಕೆಂಪು ನೆಲ, ಅದರಲ್ಲೂ ಉಳುಮೆಗೆ ಬಾರದ ಮರಡಿ ಇದ್ದರೆ ಅದು ಉತ್ತಮ. ಗೋಮಾಳದ ಮೇಲೆ ಕಣ್ಣು ಹಾಕಬೇಡಿ. ಅದು ದನಕರುಗಳ ಪಾಲು, ಅಲ್ಲಿಗೆ ಕೈ ಹಾಕಿದರೆ ಅರ್ಧ ಊರು ನಿಮ್ಮ ವಿರುದ್ಧ ನಿಲ್ಲುತ್ತದೆ, ನಿಲ್ಲಬೇಕು ಕೂಡ. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ, 2011ರಲ್ಲಿ ಘೋಷಣೆಯಾದದ್ದು. ಅದರ ಸುತ್ತಲಿನ ಹಳ್ಳಿಯಾದರೆ ಅರಣ್ಯ ಇಲಾಖೆಯನ್ನು ಮೊದಲು ವಿಚಾರಿಸಿ. ಸದ್ದಿಗೆ ಬೆದರುವ ಅಂಥ ನಾಚಿಕೆಯ ಪ್ರಾಣಿ ಮತ್ತೊಂದಿಲ್ಲ.

ಹೊಲ ಕೊಡುವವರೊಂದಿಗೆ ಬಾಯಿ ಮಾತಿನ ಒಪ್ಪಂದ ಬೇಡ. ಬಾಡಿಗೆ ಎಷ್ಟು, ಒಡೆದ ಬದುವನ್ನು ಯಾರು ಕಟ್ಟಿಸಬೇಕು, ಸ್ಪರ್ಧೆ ಮುಗಿದ ಮೇಲೆ ಒಂದು ಸಲ ಆಳವಾಗಿ ನೇಗಿಲು ಹೊಡೆಸುವ ಖರ್ಚು ಯಾರದ್ದು, ಚೆಲ್ಲಿದ ಡೀಸೆಲ್, ಆಯಿಲ್ ಬಿದ್ದ ಮಣ್ಣನ್ನು ಯಾರು ತೆಗೆಯಬೇಕು, ಇವಿಷ್ಟನ್ನೂ ಛಾಪಾ ಕಾಗದದ ಮೇಲೆ ಬರೆಸಿ. ಈ ಖರ್ಚಿಗೆ ಬೇಕಾದ ಹಣವನ್ನು ಹುಡುಗರು ಕಾರುಗಳು ಹೊಲಕ್ಕೆ ಇಳಿಯುವ ಮೊದಲೇ ಸಮಿತಿಯ ಬ್ಯಾಂಕ್ ಖಾತೆಗೆ ಕಟ್ಟಲಿ.